ಬಣ್ಣ ಕಲಾವಿದರದು, ಖಾತೆ ಯಾರದು?

ಮುಚ್ಚಿದ ಕಾರ್ಖಾನೆ, ಬೀಗ ಜಡಿದ ಬ್ಯಾಂಕು, ಯಾರೂ ಇಲ್ಲದ ಮನೆಗಳ ಸಾಲು. ಅಲ್ಲಿಗೆ ನಾಲ್ಕು ಜನ ಕಲಾವಿದರು ಬರುತ್ತಾರೆ. ಕಸ ಹೊರಹಾಕುತ್ತಾರೆ, ಸೋರುವ ಸೂರು ಸರಿ ಮಾಡುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ. ಆರು ತಿಂಗಳಲ್ಲಿ ಅಲ್ಲಿ ಮಕ್ಕಳ ಗಲಾಟೆ, ನಾಟಕದ ತಾಲೀಮು, ಸಂಜೆ ಹಾಡು. ಮೊದಲು ಹೀಗಿತ್ತು, ಈಗ ಹೀಗಿದೆ ಎನ್ನುವ ಎರಡು ಫೋಟೋಗಳು ನಮ್ಮ ಮೊಬೈಲಿಗೂ ಬರುತ್ತವೆ. ನೋಡಿದರೆ ಖುಷಿಯಾಗುತ್ತದೆ.

ಆದರೆ ಆ ಎರಡರ ಜೊತೆ ಮೂರನೆಯ ಫೋಟೋ ಒಂದು ಬೇಕು ಅನ್ನಿಸುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲಿನದು. ಅದರಲ್ಲಿ ಯಾರಿದ್ದಾರೆ? ಗುಡಿಸಿ ಬಣ್ಣ ಬಳಿದವರೇ? ಆ ಬೀದಿಯಲ್ಲೇ ಹುಟ್ಟಿ ಬೆಳೆದವರೇ? ಮನೆ ಕೊಳ್ಳಲು ಹೊರಟರೆ ನಮ್ಮ ಹಿರಿಯರು ಮೊದಲು ಕೇಳುವುದು, "ಖಾತೆ ಯಾರ ಹೆಸರಲ್ಲಿದೆ?" ಕಲೆಯ ಜಾಗಕ್ಕೂ ಇದೇ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು. ಯಾಕೆ ಅನ್ನುವುದಕ್ಕೆ ಎರಡು ಊರುಗಳ ಕತೆ ಹೇಳುತ್ತೇನೆ. ಎರಡೂ ಶುರುವಾದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಮುಟ್ಟಿದ ದಡ ಮಾತ್ರ ಬೇರೆ ಬೇರೆ.

ಮೊದಲನೆಯದು ಬರ್ಲಿನ್. ಒರಾನಿಯೆನ್‌ಬುರ್ಗರ್ ಬೀದಿಯಲ್ಲಿ ತಾಖೆಲೆಸ್ ಎಂಬ ಭಾರಿ ಕಟ್ಟಡವಿದೆ. 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ದೊಡ್ಡ ಅಂಗಡಿ ಸಂಕೀರ್ಣವೊಂದರ ಉಳಿಕೆ ಅದು. ಅಂಗಡಿಗಳು ಹೋದ ಮೇಲೆ ಎಇಜಿ ಕಂಪನಿ ತನ್ನ ವಿದ್ಯುತ್ ಸಾಮಾನುಗಳನ್ನು ಅಲ್ಲಿ ಪ್ರದರ್ಶಿಸಿತು. ನಾಜಿಗಳ ಕಾಲದಲ್ಲಿ ಕಚೇರಿಗಳು ಬಂದವು. ಯುದ್ಧದಲ್ಲಿ ಪೆಟ್ಟು ಬಿತ್ತು. ಪೂರ್ವ ಜರ್ಮನಿಯ ಆಡಳಿತ ಕಟ್ಟಡದ ಒಂದು ದೊಡ್ಡ ಭಾಗವನ್ನು ಕೆಡವಿಯೇಬಿಟ್ಟಿತು. ಉಳಿದದ್ದನ್ನೂ 1990ರ ಏಪ್ರಿಲ್‌ನಲ್ಲಿ ಸಿಡಿಮದ್ದಿಟ್ಟು ಉರುಳಿಸುವುದೆಂದು ತೀರ್ಮಾನವಾಗಿತ್ತು.

ಅಷ್ಟರಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಫೆಬ್ರವರಿ 13ರಂದು ಕಲಾವಿದರ ಗುಂಪೊಂದು ಕಟ್ಟಡದೊಳಗೆ ಹೋಗಿ ಕೂತಿತು. ಕೆಡವಲು ಬಿಡುವುದಿಲ್ಲ ಎಂದಿತು. ಅದನ್ನು ರಕ್ಷಿತ ಕಟ್ಟಡ ಎಂದು ಘೋಷಿಸಬೇಕೆಂದು ಹೋರಾಡಿ ಗೆದ್ದಿತು. ಯಿಡ್ಡಿಷ್ ಭಾಷೆಯಲ್ಲಿ ತಾಖೆಲೆಸ್ ಎಂದರೆ ಮುಚ್ಚುಮರೆ ಇಲ್ಲದ ನೇರ ಮಾತು. ಆ ಹೆಸರಿನಲ್ಲಿ ಸ್ಟುಡಿಯೋಗಳು, ಸಿನಿಮಾ, ರಂಗಸ್ಥಳ, ಹಿಂದಿನ ಬಯಲಿನಲ್ಲಿ ಕಬ್ಬಿಣದ ಶಿಲ್ಪಗಳು ತಲೆಯೆತ್ತಿದವು. ಜಗತ್ತಿನ ಪ್ರವಾಸಿಗಳೆಲ್ಲ ಬರತೊಡಗಿದರು. ಬರ್ಲಿನ್ ಎಂದರೆ ಕಲಾವಿದರ ನಗರ ಎನ್ನುವ ಹೆಸರು ಕಟ್ಟುವುದರಲ್ಲಿ ಈ ಕಟ್ಟಡದ ಪಾಲು ದೊಡ್ಡದು.

1998ರಲ್ಲಿ ಫುಂಡುಸ್ ಎಂಬ ರಿಯಲ್ ಎಸ್ಟೇಟ್ ಗುಂಪು ಜಾಗವನ್ನು ಕೊಂಡಿತು. ಕಲಾವಿದರಿಗೆ ನಾಮಮಾತ್ರದ ಬಾಡಿಗೆಗೆ ಹತ್ತು ವರ್ಷದ ಕರಾರು ಮಾಡಿಕೊಟ್ಟಿತು. ಹತ್ತು ವರ್ಷ ಅಂದರೆ ಆಗ ಬಹಳ ದೂರ ಅನ್ನಿಸಿರಬೇಕು. 2008 ಬಂತು, ಕರಾರು ಮುಗಿಯಿತು. ಅಷ್ಟರಲ್ಲಿ ಆ ಪ್ರದೇಶ ನಗರದಲ್ಲೇ ದುಬಾರಿ ಜಾಗಗಳಲ್ಲಿ ಒಂದಾಗಿತ್ತು. ಜಗಳ, ಕೋರ್ಟು, ಒಳಗಿದ್ದವರಲ್ಲೇ ಒಡಕು. 2012ರ ಸೆಪ್ಟೆಂಬರ್ 4ರಂದು ಕೊನೆಯ ಕಲಾವಿದರು ಹೊರಬಂದರು. ಈಗ ಆ ಜಾಗದಲ್ಲಿ ಶ್ರೀಮಂತರ ಅಪಾರ್ಟ್‌ಮೆಂಟುಗಳು, ಕಚೇರಿಗಳು, ಅಂಗಡಿಗಳು. ಹಳೆಯ ಕಟ್ಟಡದಲ್ಲಿ 2023ರಲ್ಲಿ ಫೋಟೋಗ್ರಾಫಿಸ್ಕ ಎನ್ನುವ ಖಾಸಗಿ ಫೋಟೋ ಮ್ಯೂಸಿಯಂ ತೆರೆಯಿತು. ಮೆಟ್ಟಿಲ ಗೋಡೆಯ ಮೇಲೆ ಆ ಕಾಲದ ಬರಹ, ಚಿತ್ರಗಳನ್ನು ಹಾಗೆಯೇ ಉಳಿಸಿದ್ದಾರೆ. ಗೋಡೆ ಉಳಿಯಿತು, ಬಣ್ಣವೂ ಉಳಿಯಿತು. ಬರೆದವರು ಅಲ್ಲಿಲ್ಲ. ನನಗೆ ಇದು ತುಂಬ ನೋವಿನ ವಿಷಯ.

ಇದು ಯಾರೋ ಒಬ್ಬ ಮಾಲೀಕನ ಕೆಟ್ಟತನ ಅಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಪಾಳು ಕಟ್ಟಡಕ್ಕೆ ಕಲಾವಿದರೇ ಮೊದಲು ಯಾಕೆ ಬರುತ್ತಾರೆ? ಅವರ ಕೈಯಲ್ಲಿ ದುಡ್ಡಿಲ್ಲ, ಆದರೆ ಜಾಗ ಬೇಕು. ಹಳೆಯ ಕಾರ್ಖಾನೆಯಲ್ಲಿ ಸೂರು ಎತ್ತರ, ಕಿಟಕಿ ದೊಡ್ಡವು, ಬಾಡಿಗೆ ಕಮ್ಮಿ. ಸುತ್ತಿಗೆ ಬಡಿದರೂ ತಮಟೆ ಬಾರಿಸಿದರೂ ಪಕ್ಕದ ಮನೆಯವರು ಬಂದು ಬೈಯುವುದಿಲ್ಲ. ಮಾಲೀಕನಿಗೂ ಅನುಕೂಲವೇ. ಖಾಲಿ ಕಟ್ಟಡಕ್ಕೆ ಕಾವಲು ಇಡಬೇಕು. ಕಿಟಕಿ, ಪೈಪು, ತಂತಿ ಎಲ್ಲ ಕಳವಾಗುತ್ತವೆ. ಒಳಗೆ ಜನ ಇದ್ದರೆ ಕಟ್ಟಡ ಉಳಿಯುತ್ತದೆ. ಹಾಗಾಗಿ "ಸದ್ಯಕ್ಕೆ ಇಟ್ಟುಕೊಳ್ಳಿ" ಅನ್ನುತ್ತಾನೆ. ಆ "ಸದ್ಯಕ್ಕೆ" ಅನ್ನುವ ಪದದಲ್ಲೇ ಎಲ್ಲ ಇದೆ.

ಜನ ಓಡಾಡಿದರೆ ಬೀದಿಗೆ ದೀಪ ಬರುತ್ತದೆ. ಮೂಲೆಯಲ್ಲಿ ಒಂದು ಕಾಫಿ ಅಂಗಡಿ ಬರುತ್ತದೆ. ಪತ್ರಿಕೆಯಲ್ಲಿ ಲೇಖನ ಬರುತ್ತದೆ. ಮೊದಲು ಭಯಪಟ್ಟು ದೂರ ಹೋಗುತ್ತಿದ್ದವರೇ ಅಲ್ಲಿ ಮನೆ ಹುಡುಕುತ್ತಾರೆ. ಬಾಡಿಗೆ ಏರುತ್ತದೆ. ಕಲಾವಿದರ ವರ್ಷಗಳ ದುಡಿಮೆ ಜಾಗದ ಬೆಲೆಯಾಗಿ ಮಾರ್ಪಡುತ್ತದೆ. ಆ ಬೆಲೆ ಸೇರುವುದು ಖಾತೆ ಇರುವವರ ಜೇಬಿಗೆ. ಕಲಾವಿದರಿಗಿಂತ ಮೊದಲೇ ಅಲ್ಲಿದ್ದ ಬಡವರ ಪಾಡು ಇನ್ನೂ ಕಷ್ಟ. ಕಲಾವಿದರಿಗಾದರೂ ಬೇರೆ ಊರಿನ ಪರಿಚಯವಿರುತ್ತದೆ. ಐವತ್ತು ವರ್ಷದಿಂದ ಅದೇ ಬೀದಿಯಲ್ಲಿ ಬಾಡಿಗೆಗಿದ್ದ ಅಜ್ಜಿ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಯನ್ನು ಮೊದಲಿನಿಂದಲೇ ಇಟ್ಟುಕೊಂಡು ಕೆಲಸ ಮಾಡಿದವರು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾರೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಥರ್ಡ್ ವಾರ್ಡ್ ಹ್ಯೂಸ್ಟನ್ನಿನ ಹಳೆಯ ಕಪ್ಪು ಜನರ ಬಡಾವಣೆ. 2020ರಲ್ಲಿ ಪೊಲೀಸರ ಕೈಯಲ್ಲಿ ಪ್ರಾಣ ಕಳೆದುಕೊಂಡ ಜಾರ್ಜ್ ಫ್ಲಾಯ್ಡ್ ಬೆಳೆದದ್ದು ಇಲ್ಲೇ. ಅಲ್ಲಿ ಹೋಲ್ಮನ್ ಬೀದಿಯಲ್ಲಿ 22 ಪುಟ್ಟ ಮರದ ಮನೆಗಳು ಸಾಲಾಗಿ ಪಾಳು ಬಿದ್ದಿದ್ದವು. ಬಾಡಿಗೆಗೆಂದು 1930ರ ದಶಕದಲ್ಲಿ ಕಟ್ಟಿದವು. ಒಂದರ ಹಿಂದೆ ಒಂದು ಕೋಣೆ, ನೇರಕ್ಕೆ ಬಾಗಿಲು, ಮುಂದೆ ಜಗಲಿ. ಇಂಥ ಮನೆಗಳಿಗೆ ಅಲ್ಲಿ ಶಾಟ್‌ಗನ್ ಮನೆ ಅನ್ನುತ್ತಾರೆ. ಇದರ ಬೇರು ಹೈಟಿಯ ಮೂಲಕ ಪಶ್ಚಿಮ ಆಫ್ರಿಕಾದವರೆಗೂ ಹೋಗುತ್ತದೆ ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಕಣ್ಣಿಗೆ ಅದು ಥೇಟ್ ವಠಾರ. ಒಂದು ಜಗಲಿಯಲ್ಲಿ ಕೂತರೆ ಪಕ್ಕದ ಜಗಲಿಯ ಮಾತು ಕೇಳುತ್ತದೆ. ಒಬ್ಬರ ಮಗು ಬೀದಿಗೆ ಓಡಿದರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ರಿಕ್ ಲೋ ಆಗ ಸಾಮಾಜಿಕ ಅನ್ಯಾಯಗಳ ಬಗ್ಗೆ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದ ಕಲಾವಿದ. 1990ರ ಸುಮಾರಿಗೆ ಹೈಸ್ಕೂಲ್ ಮಕ್ಕಳು ಅವರ ಸ್ಟುಡಿಯೋ ನೋಡಲು ಬಂದರು. ಅವರಲ್ಲೊಬ್ಬ ಹುಡುಗ ಸುಮ್ಮನೆ ಒಂದು ಪ್ರಶ್ನೆ ಕೇಳಿದ. ನಮ್ಮ ಕಷ್ಟ ಏನು ಅನ್ನುವುದು ನಮಗೆ ಗೊತ್ತೇ ಇದೆ, ಅದನ್ನು ಚಿತ್ರದಲ್ಲಿ ತೋರಿಸಬೇಕಾಗಿಲ್ಲ, ನೀವು ಸೃಷ್ಟಿ ಮಾಡುವವರಾದರೆ ಪರಿಹಾರವನ್ನೇ ಯಾಕೆ ಸೃಷ್ಟಿ ಮಾಡಬಾರದು ಎಂದು. ಈ ಮಾತು ತಮ್ಮನ್ನು ಅಲ್ಲಾಡಿಸಿಬಿಟ್ಟಿತು ಎಂದು ಲೋ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಊರಿನ ಅಧಿಕಾರಿಗಳಿಗೆ ಆ ಮನೆಗಳ ಸಾಲು ಕೆಡವಿ ಹಾಕಬೇಕಾದ ಅಪಾಯದ ಜಾಗ. ಲೋ ಅವರಿಗೆ ಅದೇ ಸಾಲು ಬೇರೆಯಾಗಿ ಕಂಡಿತು. ಕಾರಣ ಜಾನ್ ಬಿಗರ್ಸ್. ಟೆಕ್ಸಸ್ ಸದರ್ನ್ ವಿಶ್ವವಿದ್ಯಾಲಯದ ಕಲಾ ವಿಭಾಗವನ್ನು ಕಟ್ಟಿದ ಹಿರಿಯ ಚಿತ್ರಕಾರ ಅವರು. ಆ ಬಡಾವಣೆಯ ಶಾಟ್‌ಗನ್ ಮನೆಗಳನ್ನು, ಜಗಲಿಯ ಮೇಲೆ ರಾಣಿಯರ ಹಾಗೆ ನಿಂತ ಹೆಂಗಸರನ್ನು ಗೌರವದಿಂದ ಚಿತ್ರಿಸಿದವರು. ಬೇರೆಯವರು ಕೊಳೆಗೇರಿ ಅಂದ ಕಡೆ ಅವರಿಗೆ ಒಂದು ಜನಾಂಗದ ಬದುಕು ಕಂಡಿತ್ತು. ಲೋ ಮತ್ತು ಅವರ ಆರು ಜನ ಕಲಾವಿದ ಗೆಳೆಯರು 1993ರಲ್ಲಿ ಪ್ರಾಜೆಕ್ಟ್ ರೋ ಹೌಸಸ್ ಶುರು ಮಾಡಿದರು. ಕಸ ಬಳಿಯಲು, ಹಲಗೆ ಬಡಿಯಲು, ಬಣ್ಣ ಬಳಿಯಲು ಊರಿನ ಚರ್ಚು, ಮ್ಯೂಸಿಯಂ, ಕಂಪನಿಗಳಿಂದ ಜನ ಬಂದು ಕೈ ಜೋಡಿಸಿದರು.

ಮುಂದೆ ಅವರು ಮಾಡಿದ್ದನ್ನು ಗಮನಿಸಿ. ಏಳು ಮನೆಗಳನ್ನು ಕಲೆಗೆ ಇಟ್ಟರು. ಕೆಲವು ತಿಂಗಳಿಗೊಮ್ಮೆ ಹೊಸ ಕಲಾವಿದರು ಬರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಮನೆ, ಇಡೀ ಮನೆಯನ್ನೇ ಕಲಾಕೃತಿ ಮಾಡುತ್ತಾರೆ. ಇನ್ನು ಏಳು ಮನೆಗಳು ಒಂಟಿ ತಾಯಂದಿರಿಗೆ. ಚಿಕ್ಕ ವಯಸ್ಸಿನಲ್ಲೇ ಮಗು ಆಗಿ, ಓದು ನಿಂತುಹೋಗುವ ಹಂತದಲ್ಲಿರುವ ಹೆಣ್ಣುಮಕ್ಕಳು ಅಲ್ಲಿದ್ದುಕೊಂಡು ಕಾಲೇಜು ಮುಗಿಸಬಹುದು. ಮಗು ನೋಡಿಕೊಳ್ಳಲು ಸಹಾಯವಿದೆ. ಹಾಗೆ ಅಲ್ಲಿದ್ದ ಅಸ್ಸಾಟಾ ರಿಚರ್ಡ್ಸ್ ಮುಂದೆ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಅದೇ ಬಡಾವಣೆಗೆ ವಾಪಸ್ ಬಂದು ಕೆಲಸ ಮಾಡುತ್ತಿದ್ದಾರೆ.

ಹಾಗಾದರೆ ಇದು ಕಲೆಯೋ ಸಮಾಜಸೇವೆಯೋ ಎಂದು ಕೇಳುವವರಿದ್ದಾರೆ. ಜರ್ಮನಿಯ ಯೋಸೆಫ್ ಬಾಯ್ಸ್ ಎಂಬ ಕಲಾವಿದ, ಸಮಾಜವನ್ನು ರೂಪಿಸುವುದೂ ಶಿಲ್ಪವೇ ಎಂದಿದ್ದರು. ಲೋ ಆ ವಿಚಾರದಿಂದಲೂ ಪ್ರಭಾವಿತರು. ನನಗೆ ಅನ್ನಿಸುವುದು ಇಷ್ಟು. ಆ ತಾಯಂದಿರ ಮನೆಗಳನ್ನು ತೆಗೆದುಬಿಟ್ಟರೆ ಉಳಿದ ಏಳು ಮನೆಗಳು ಯಾವ ಊರಿನಲ್ಲಾದರೂ ಇರಬಹುದಾದ ಗ್ಯಾಲರಿಗಳಾಗುತ್ತವೆ. ಪಕ್ಕದ ಮನೆಯ ಒಲೆ ಉರಿಯುತ್ತಿರುವುದರಿಂದಲೇ ಕಲೆಯ ಮನೆಗೂ ಜೀವ.

ಇಲ್ಲಿಯೂ ಬರ್ಲಿನ್‌ನಲ್ಲಿ ಬಂದ ಅಪಾಯವೇ ಬಂತು. ಥರ್ಡ್ ವಾರ್ಡ್ ನಗರದ ಹೃದಯಕ್ಕೆ ಹತ್ತಿರ. ಪಕ್ಕದ ಮಿಡ್‌ಟೌನ್‌ನಲ್ಲಿ ಹೊಸ ಮನೆಗಳು ಏಳತೊಡಗಿದವು. ಬಿಲ್ಡರುಗಳು ಇತ್ತ ನೋಡಿದರು. ಆದರೆ ಇಲ್ಲಿ ಮನೆಗಳು ಸಂಸ್ಥೆಯ ಹೆಸರಿನಲ್ಲೇ ಇದ್ದವು. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. 2003ರಲ್ಲಿ ರೋ ಹೌಸ್ ಸಿಡಿಸಿ ಎಂಬ ಬೇರೆ ಸಂಸ್ಥೆ ಕಟ್ಟಿದರು. ಅದರ ಕೆಲಸ ಪ್ರದರ್ಶನ ಅಲ್ಲ, ಕಡಿಮೆ ಬಾಡಿಗೆಯ ಮನೆ ಕಟ್ಟಿ ಬಡಾವಣೆಯ ಜನರಿಗೆ ಕೊಡುವುದು. ಆಗ ಅಲ್ಲಿನ ಶಾಸಕರಾಗಿದ್ದ ಗಾರ್ನೆಟ್ ಕೋಲ್ಮನ್ ಇನ್ನೊಂದು ದಾರಿ ಹಿಡಿದರು. ಮಿಡ್‌ಟೌನ್ ಬೆಳೆದಂತೆ ಹೆಚ್ಚುವರಿಯಾಗಿ ಬರುತ್ತಿದ್ದ ತೆರಿಗೆಯ ಒಂದು ಪಾಲನ್ನು ಬಳಸಿ ಥರ್ಡ್ ವಾರ್ಡಿನಲ್ಲಿ ಖಾಲಿ ಸೈಟುಗಳನ್ನು ಕೊಳ್ಳುವ ವ್ಯವಸ್ಥೆಗೆ ಬೆನ್ನಾಗಿ ನಿಂತರು. ಆ ಸೈಟುಗಳಲ್ಲಿ ಬಡವರಿಗೆ ಕೈಗೆಟುಕುವ ಮನೆ ಮಾತ್ರ ಎಂದು ಪತ್ರದಲ್ಲೇ ಷರತ್ತು. ಶ್ರೀಮಂತ ಬಡಾವಣೆಯ ಏರಿಕೆಯಿಂದ ಬಂದ ಹಣವೇ ಪಕ್ಕದ ಬಡ ಬಡಾವಣೆಯನ್ನು ಕಾಯುವ ಬೇಲಿಯಾಯಿತು. ಜಾಣ ಕೆಲಸ ಅಲ್ವಾ?

ಇಷ್ಟಾದರೂ ಥರ್ಡ್ ವಾರ್ಡ್ ಪೂರ್ತಿ ಉಳಿದಿದೆ ಎಂದು ಹೇಳಲಾರೆ. ಹೊಸ ಎತ್ತರದ ಮನೆಗಳು ಬಂದಿವೆ, ಹಳಬರು ಕೆಲವರು ಹೋಗಿದ್ದಾರೆ. ಆದರೆ ಆ 22 ಮನೆಗಳ ಸಾಲು ಉಳಿದಿದೆ. ಕೆಲಸ ಐದು ಬ್ಲಾಕುಗಳಿಗೆ ಹರಡಿದೆ. ಪಕ್ಕದ ಎಲ್ಡೊರಾಡೋ ಬಾಲ್‌ರೂಮಿನ ಸಂಗತಿಯೂ ಇದೆ. 1939ರಲ್ಲಿ ಕಪ್ಪು ಜನರೇ ಕಪ್ಪು ಜನರಿಗಾಗಿ ಕಟ್ಟಿದ ಸಂಗೀತ ಸಭಾಂಗಣ ಅದು. ಬಿ. ಬಿ. ಕಿಂಗ್, ರೇ ಚಾರ್ಲ್ಸ್ ಹಾಡಿದ ವೇದಿಕೆ. ಆಮೇಲೆ ಮುಚ್ಚಿಹೋಯಿತು. 1999ರಲ್ಲಿ ಅದರ ಮಾಲೀಕರು ಅದನ್ನು ಪ್ರಾಜೆಕ್ಟ್ ರೋ ಹೌಸಸ್‌ಗೆ ದಾನ ಕೊಟ್ಟರು. ದುರಸ್ತಿಗೆ ದುಡ್ಡು ಕೂಡಿ, ಕೆಲಸ ಮುಗಿದು, ಮತ್ತೆ ಬಾಗಿಲು ತೆರೆದದ್ದು 2023ರಲ್ಲಿ. ಬರೋಬ್ಬರಿ 24 ವರ್ಷ. ಬಾಡಿಗೆ ಕಟ್ಟಡವಾಗಿದ್ದರೆ ಯಾರು ಇಷ್ಟು ಕಾಯಲು ಬಿಡುತ್ತಿದ್ದರು? ಬಡ ಸಂಸ್ಥೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಕಾಲಾವಕಾಶ. ಅದನ್ನು ಕೊಡುವುದು ಖಾತೆ.

ಸರಿ, ಖಾತೆ ಬೇಕು ಅಂದರೆ ದುಡ್ಡು ಬೇಕಲ್ಲ? ಶಿಕಾಗೋದ ಥಿಯಾಸ್ಟರ್ ಗೇಟ್ಸ್ ಇದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಮಡಿಕೆ ಮಾಡುವ ಕಲೆ ಕಲಿತವರು, ನಗರ ಯೋಜನೆಯನ್ನೂ ಓದಿದವರು. ನಗರದ ದಕ್ಷಿಣ ಭಾಗದಲ್ಲಿ 1923ರಲ್ಲಿ ಕಟ್ಟಿದ ಬ್ಯಾಂಕ್ ಒಂದು 1980ರ ದಶಕದಿಂದ ಖಾಲಿ ಬಿದ್ದಿತ್ತು. ನೆಲಮಾಳಿಗೆಯಲ್ಲಿ ನೀರು, ಸೂರಿಗೆ ತೂತು. ನಗರಾಡಳಿತ ಅದನ್ನು ಒಂದು ಡಾಲರಿಗೆ ಗೇಟ್ಸ್ ಅವರಿಗೆ ಮಾರಿತು. ರಿಪೇರಿಯ ಹಣ ನೀವೇ ತರಬೇಕು ಅನ್ನುವುದು ಷರತ್ತು. ಗೇಟ್ಸ್ ಕಟ್ಟಡದೊಳಗಿನ ಹಳೆಯ ಅಮೃತಶಿಲೆಯನ್ನು ತುಂಡು ಮಾಡಿ, ಬಾಂಡ್ ಪತ್ರದ ಹಾಗೆ ಅಕ್ಷರ ಕೆತ್ತಿ, 2013ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಕಲಾಮೇಳದಲ್ಲಿ ಒಂದೊಂದನ್ನು 5,000 ಡಾಲರಿಗೆ ಮಾರಿದರು. 2015ರಲ್ಲಿ ಸ್ಟೋನಿ ಐಲ್ಯಾಂಡ್ ಆರ್ಟ್ಸ್ ಬ್ಯಾಂಕ್ ತೆರೆಯಿತು. ಕಪ್ಪು ಜನರಿಗಾಗಿ ಎಬನಿ, ಜೆಟ್ ಪತ್ರಿಕೆಗಳನ್ನು ತರುತ್ತಿದ್ದ ಜಾನ್ಸನ್ ಪ್ರಕಾಶನದ ಇಡೀ ಗ್ರಂಥಾಲಯ ಈಗ ಅಲ್ಲಿದೆ. ಶಿಕಾಗೋದಲ್ಲೇ ಹುಟ್ಟಿದ ಹೌಸ್ ಎಂಬ ನೃತ್ಯ ಸಂಗೀತದ ಡಿಜೆ ಫ್ರಾಂಕಿ ನಕಲ್ಸ್ ಅವರ ರೆಕಾರ್ಡುಗಳೂ ಅಲ್ಲಿವೆ. ಯಾರು ಬೇಕಾದರೂ ಬಂದು ನೋಡಬಹುದು.

ಇದು ದೊಡ್ಡ ಸಾಧನೆ. ಆದರೆ ಇದೇ ಮಾದರಿ ಎಂದು ಎಲ್ಲರಿಗೂ ಹೇಳಲು ನನಗೆ ಮನಸ್ಸಾಗುವುದಿಲ್ಲ. ಗೇಟ್ಸ್ ಅವರ ಹೆಸರಿಗೆ ಕಲಾ ಮಾರುಕಟ್ಟೆಯಲ್ಲಿ ಬೆಲೆಯಿದೆ, ಹಾಗಾಗಿ ಕಲ್ಲಿನ ತುಂಡೂ ಮಾರಾಟವಾಯಿತು. ಒಬ್ಬ ವ್ಯಕ್ತಿಯ ಹೆಸರಿನ ಮೇಲೆ ನಿಂತದ್ದಕ್ಕೆ ಆ ವ್ಯಕ್ತಿಯ ಆಯಸ್ಸೇ ಮಿತಿ ಆಗುವ ಅಪಾಯವಿದೆ. ಹ್ಯೂಸ್ಟನ್ನಿನಲ್ಲಿ ರಿಕ್ ಲೋ ದಿನನಿತ್ಯದ ಆಡಳಿತದಿಂದ ಹಿಂದೆ ಸರಿದ ಮೇಲೂ ಕೆಲಸ ನಡೆಯುತ್ತಿದೆ.

ಇನ್ನು ಡೆಟ್ರಾಯಿಟ್‌ನ ಟೈರೀ ಗೈಟನ್. 1986ರಲ್ಲಿ ತಾನು ಬೆಳೆದ ಹೈಡಲ್‌ಬರ್ಗ್ ಬೀದಿಯ ಪಾಳುಮನೆಗಳಿಗೆ ಅಜ್ಜನ ಜೊತೆ ಸೇರಿ ಬಣ್ಣದ ಚುಕ್ಕಿ ಇಟ್ಟವರು. ಎಸೆದ ಗೊಂಬೆ, ಶೂ, ಟೈರುಗಳನ್ನೇ ಗೋಡೆಗೆ ಜಡಿದವರು. ನಗರಾಡಳಿತ 1991 ಮತ್ತು 1999ರಲ್ಲಿ ಬುಲ್ಡೋಜರ್ ತಂದು ಕೆಲವನ್ನು ಕೆಡವಿತು. 2013ರಿಂದಾಚೆಗೆ ಒಂದಾದ ಮೇಲೊಂದು ಮನೆಗೆ ಯಾರೋ ಬೆಂಕಿ ಇಟ್ಟರು. ಜಗತ್ತು ಮೆಚ್ಚಿದ ಆ ಬೀದಿಯನ್ನು ಅಕ್ಕಪಕ್ಕದವರೆಲ್ಲರೂ ಮೆಚ್ಚಿರಲಿಲ್ಲ. ನಮ್ಮ ಬೀದಿ ಕಸದ ರಾಶಿ ಆಯಿತು, ಪ್ರವಾಸಿಗಳ ಕಾರು ಜಾಸ್ತಿ ಆಯಿತು ಎಂದು ದೂರಿದವರಿದ್ದರು. ಅವರ ಮಾತನ್ನೂ ತಳ್ಳಿಹಾಕಲಾಗದು. ಸಮುದಾಯದ ಕಲೆ ಅನ್ನುವ ಹೆಸರು ಸುಲಭ. ಸಮುದಾಯವನ್ನು ಮೊದಲೇ ಕೂರಿಸಿ ಕೇಳುವುದು ನಿಧಾನದ ಕೆಲಸ.

ನಮಗೆ ಹತ್ತಿರದ ದೊಡ್ಡ ಉದಾಹರಣೆ ಕೊಚ್ಚಿ. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ (ಎರಡು ವರ್ಷಕ್ಕೊಮ್ಮೆ ನಡೆಸುವ ಕಲಾಮೇಳ) ಫೋರ್ಟ್ ಕೊಚ್ಚಿಯ ಹಳೆಯ ಗೋದಾಮುಗಳನ್ನು ಕಲೆಯ ಜಾಗ ಮಾಡಿತು. ಅದರ ಮುಖ್ಯ ತಾಣವಾದದ್ದು ಸಮುದ್ರದ ಅಂಚಿನ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಶುರುವಾದ ವ್ಯಾಪಾರ ಸಂಸ್ಥೆಯ ಆವರಣ. ಮಂಗಳೂರಿನ ಕಾಫಿ ಕ್ಯೂರಿಂಗ್ ಕೆಲಸದ ಜನರಿಗೂ ಆಸ್ಪಿನ್‌ವಾಲ್ ಹೆಸರು ಪರಿಚಿತವೇ. ಮೆಣಸು, ತೆಂಗಿನ ನಾರು ತುಂಬಿದ್ದ ಕೋಣೆಗಳಲ್ಲಿ ಮೀನುಗಾರರ ಮಕ್ಕಳು, ಶಾಲೆಯ ಸಾಲುಗಳು, ವಿದೇಶಿ ಪ್ರವಾಸಿಗಳು ಒಟ್ಟಿಗೆ ನಿಂತು ಚಿತ್ರ ನೋಡುವುದು ಸಣ್ಣ ಸಂಗತಿಯಲ್ಲ. ಆದರೆ ಆ ಆವರಣದ ಹೆಚ್ಚಿನ ಭಾಗ ಬಿಯೆನಾಲೆಯದಾಗಿರಲಿಲ್ಲ, ಖಾಸಗಿ ಕಂಪನಿಯದಾಗಿತ್ತು. 2022ರಲ್ಲಿ ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದ ಪ್ರದರ್ಶನ ಕೊನೆ ಗಳಿಗೆಯಲ್ಲಿ 23ಕ್ಕೆ ಮುಂದೆ ಹೋಯಿತು. ಜಾಗ ಕೈಗೆ ಸಿಗುವುದು ತಡವಾದದ್ದೂ ಅದಕ್ಕೆ ಒಂದು ಕಾರಣ. ದೂರದೂರಿಂದ ಬಂದ ಕಲಾವಿದರು ಬೇಸತ್ತು ಬಹಿರಂಗ ಪತ್ರ ಬರೆದರು. ಹತ್ತು ವರ್ಷವಾದ ಮೇಲೂ ಪ್ರತಿ ಸಲ ಬಾಗಿಲು ತಟ್ಟಿ ಕೇಳಬೇಕಾದ ಸ್ಥಿತಿ.

ಕರ್ನಾಟಕದಲ್ಲಿ ಇಂಥ ಕಟ್ಟಡಗಳಿಗೆ ಕೊರತೆಯಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಆಮೇಲೆ ಕರಾವಳಿಯುದ್ದಕ್ಕೂ ಹಂಚಿನ ಕಾರ್ಖಾನೆಗಳು ಎದ್ದವು. ಆರ್‌ಸಿಸಿ ತಾರಸಿ ಬಂದ ಮೇಲೆ ಒಂದೊಂದಾಗಿ ಮುಚ್ಚಿದವು. ಎತ್ತರದ ಮಾಡು, ಗಾಳಿ ಬೆಳಕು, ಕುಲುಮೆಯ ಉದ್ದನೆ ಚಿಮಣಿ. ಯಕ್ಷಗಾನದ ತಾಲೀಮಿಗೆ, ಮಣ್ಣಿನ ಕೆಲಸಕ್ಕೆ, ಮಕ್ಕಳ ರಂಗಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮಕ್ಕಳಿಲ್ಲದೆ ಬಾಗಿಲು ಹಾಕಿದ ಸರ್ಕಾರಿ ಶಾಲೆಗಳೂ ಇವೆ. ಅವು ಊರಿನದೇ ಆಸ್ತಿ.

ಇಲ್ಲಿ ನಮ್ಮ ತೊಡಕು ಏನೆಂದರೆ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಅದರ ಖರ್ಚು, ತಲೆಬಿಸಿ ಬೇಡವೆಂದು ಮನೆ ಬಾಡಿಗೆಯಿಂದ ಹಿಡಿದು ಎಲ್ಲದಕ್ಕೂ ಹನ್ನೊಂದು ತಿಂಗಳು. ಗಂಡ ಹೆಂಡತಿ ಇರುವ ಬಾಡಿಗೆ ಮನೆಗೆ ಅದು ನಡೆಯುತ್ತದೆ. ಸೋರುವ ಕಾರ್ಖಾನೆಗೆ ಲಕ್ಷಗಟ್ಟಲೆ ಸುರಿದು ಹಂಚು ಹೊದಿಸುವ ತಂಡಕ್ಕೆ ನಡೆಯುವುದಿಲ್ಲ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಅಡಿಪಾಯಕ್ಕೆ ಖರ್ಚು ಮಾಡುವುದಿಲ್ಲ, ಗೋಡೆಗೆ ಬಣ್ಣ ಮಾತ್ರ ಬಳಿಯುತ್ತಾರೆ.

ಸರ್ಕಾರದ ಕಟ್ಟಡವಾದರೆ ಎಲ್ಲ ಸಲೀಸು ಎಂದೂ ಅಲ್ಲ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಸಂಸ್ಥೆಯ ಕೈಗೆ ಕೊಡಲು ಹೊರಟಾಗ 2016ರಲ್ಲಿ ಕಲಾವಿದರು ಬೀದಿಗಿಳಿದರು. ಅದು ಪಾಳು ಕಟ್ಟಡವಲ್ಲ, ಆದರೆ ಪ್ರಶ್ನೆ ಇದೇ. ಹೊಸದಾಗಿ ಊರಿಗೆ ಬಂದ ಹುಡುಗ ಹುಡುಗಿಯರು ಕಡಿಮೆ ಬಾಡಿಗೆಗೆ ಮೊದಲ ಪ್ರದರ್ಶನ ಮಾಡುತ್ತಿದ್ದ ಜಾಗ ಅದು. ಅದರ ಭವಿಷ್ಯ ತೀರ್ಮಾನವಾಗುವಾಗ ಅವರನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಹಳೆಯ ಶಾಲೆಯನ್ನೋ ಕಾರ್ಖಾನೆಯನ್ನೋ ಕೇಳಲು ಹೊರಟಿರುವ ತಂಡಗಳಿಗೆ ನನ್ನದೊಂದು ಮಾತು. ಮೊದಲ ದಿನ ಪೊರಕೆ ಹಿಡಿಯುವ ಮೊದಲು ಒಬ್ಬ ವಕೀಲರ ಹತ್ತಿರ ಹೋಗಿ. ಕನಿಷ್ಠ ಹದಿನೈದು ಇಪ್ಪತ್ತು ವರ್ಷದ ನೋಂದಾಯಿತ ಗುತ್ತಿಗೆ ಕೇಳಿ. ಮಾಲೀಕರು ಮಾರಿದರೆ ಮೊದಲು ನಿಮಗೇ ಕೇಳಬೇಕು ಎನ್ನುವ ಸಾಲು ಬರೆಸಿ. ರಿಪೇರಿಗೆ ಹಾಕಿದ ಹಣದ ಲೆಕ್ಕ ಕರಾರಿನಲ್ಲೇ ಇರಲಿ. ಟ್ರಸ್ಟ್ ಮಾಡಿದರೆ ಕಲಾವಿದರಷ್ಟೇ ಇರಬೇಡಿ, ಆ ಬೀದಿಯ ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಅಲ್ಲಿ ಹೂ ಮಾರುವವರು, ಹಿಂದೆ ಅದೇ ಕಾರ್ಖಾನೆಯಲ್ಲಿ ದುಡಿದವರು, ಎದುರು ಮನೆಯ ಟೀಚರ್. ಒಂದು ಕೋಣೆಯನ್ನಾದರೂ ಕಲೆಗಲ್ಲದ ಕೆಲಸಕ್ಕೆ ಇಡಿ.

ಹ್ಯೂಸ್ಟನ್ನಿನ ಆ ಮನೆಗಳಿಂದ ಸ್ವಲ್ಪ ದೂರದಲ್ಲೇ ಎಮ್ಯಾನ್ಸಿಪೇಶನ್ ಪಾರ್ಕ್ ಇದೆ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಏಳೇ ವರ್ಷಕ್ಕೆ, 1872ರಲ್ಲಿ, ಆ ಊರಿನ ಕಪ್ಪು ಜನ ಜ್ಯಾಕ್ ಯೇಟ್ಸ್ ಮುಂತಾದ ಹಿರಿಯರ ಮುಂದಾಳತ್ವದಲ್ಲಿ ಕಾಸಿಗೆ ಕಾಸು ಕೂಡಿಸಿ 10 ಎಕರೆ ಕೊಂಡರು. ಬಿಡುಗಡೆಯ ದಿನವನ್ನು ವರ್ಷಕ್ಕೊಮ್ಮೆ ಹಾಡಿ ಕುಣಿದು ಆಚರಿಸಲು ಒಂದು ಜಾಗ ಬೇಕಿತ್ತು, ಅದಕ್ಕೆ. ಇವತ್ತಿಗೂ ಅಲ್ಲೇ ಆಚರಿಸುತ್ತಾರೆ.